ಟೊಮೆಟೊದಲ್ಲಿ ಇರುವುದೆಷ್ಟು, ಮೈಗೆ ಹತ್ತುವುದೆಷ್ಟು, ಯಾರು ಮಿತಿಯಲ್ಲಿ ತಿನ್ನಬೇಕು?

ಮಲೆನಾಡಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ತಲೆಮಾರಿನವರು ಒಟ್ಟಿಗಿರುವ ಮನೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ, ಮಾವನವರಿಗೆ ಹಿಂದೊಮ್ಮೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು, ಹೈಸ್ಕೂಲಿನಲ್ಲಿ ಓದುವ ಮಗಳಿಗೆ ರಕ್ತಹೀನತೆ ಇದೆ. ಸಾರು, ಗೊಜ್ಜು, ಚಟ್ನಿ, ಬಾತು ಎಂದು ದಿನವೂ ಒಂದಲ್ಲ ಒಂದು ರೂಪದಲ್ಲಿ ಟೊಮೆಟೊ ಬಳಸುತ್ತೇವೆ. ಮೊಬೈಲಿಗೆ ಬರುವ ಸಂದೇಶಗಳಲ್ಲಿ ಒಂದು ಇದನ್ನು ಕ್ಯಾನ್ಸರಿಗೆ ಮದ್ದು ಎನ್ನುತ್ತದೆ, ಇನ್ನೊಂದು ಇದರ ಬೀಜದಿಂದಲೇ ಕಲ್ಲು ಬೆಳೆಯುತ್ತದೆ ಎನ್ನುತ್ತದೆ. ಬಲ್ಲವರು ದಯವಿಟ್ಟು ತಿಳಿಸಿ: ಟೊಮೆಟೊದಿಂದ ನಿಜವಾಗಿ ಸಿಗುವ ಲಾಭವೇನು, ಹಸಿಯಾಗಿ ತಿನ್ನಬೇಕೋ ಬೇಯಿಸಿ ತಿನ್ನಬೇಕೋ, ಬೀಜ ತೆಗೆಯಬೇಕೇ?

ಪಥ್ಯ ಮತ್ತು ಪೋಷಣೆ

ನಾನು ಆಹಾರತಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ತಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುವ ಮೊದಲು ಹಣ್ಣಿನೊಳಗೆ ಏನಿದೆ ಎಂಬುದನ್ನು ನೋಡೋಣ. 100 ಗ್ರಾಂ ಮಾಗಿದ ಟೊಮೆಟೊದಲ್ಲಿ ಸುಮಾರು 94 ಗ್ರಾಂ ನೀರೇ ಇರುತ್ತದೆ. ಶಕ್ತಿ ಸುಮಾರು 18 ಕಿಲೋಕ್ಯಾಲರಿ, ಸಕ್ಕರೆಯ ಅಂಶ 3 ಗ್ರಾಂಗಿಂತ ಕಡಿಮೆ, ನಾರು 1 ಗ್ರಾಂಗಿಂತ ತುಸು ಹೆಚ್ಚು, ಸಿ ವಿಟಮಿನ್ ಸುಮಾರು 14 ಮಿಲಿಗ್ರಾಂ, ಪೊಟ್ಯಾಸಿಯಂ ಸುಮಾರು 240 ಮಿಲಿಗ್ರಾಂ, ಸೋಡಿಯಂ ಮಾತ್ರ 5 ಮಿಲಿಗ್ರಾಂ. ಹಣ್ಣಿಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಸುಮಾರು ಎರಡೂವರೆಯಿಂದ ಮೂರು ಮಿಲಿಗ್ರಾಂನಷ್ಟಿರುತ್ತದೆ. ತಳಿ ಮತ್ತು ಹಂಗಾಮಿಗೆ ತಕ್ಕಂತೆ ಇದು ಏರಿಳಿಯುತ್ತದೆ.

ಈ ಅಂಕಿಗಳನ್ನು ನೋಡಿದವರು ‘ಇಷ್ಟೇನೇ?’ ಎಂದು ಕೇಳಬಹುದು. ಸೀಬೆಹಣ್ಣಿನಲ್ಲಿಯೂ ನೆಲ್ಲಿಕಾಯಿಯಲ್ಲಿಯೂ ಸಿ ವಿಟಮಿನ್ ಇದಕ್ಕಿಂತ ಹತ್ತಾರು ಪಟ್ಟು ಹೆಚ್ಚಿದೆ ಎಂಬುದು ನಿಜ. ಆದರೆ ನೆಲ್ಲಿಕಾಯಿಯನ್ನು ನಾವು ಹಂಗಾಮಿನಲ್ಲಿ ಕೆಲವು ದಿನ ತಿನ್ನುತ್ತೇವೆ, ಟೊಮೆಟೊವನ್ನಾದರೋ ವರ್ಷವಿಡೀ, ಮುದ್ದೆ, ಅನ್ನ, ರೊಟ್ಟಿ, ಸೊಪ್ಪು, ಬೇಳೆಗಳ ಜೊತೆಯಲ್ಲಿಯೇ ತಿನ್ನುತ್ತೇವೆ. ಈ ‘ಜೊತೆ’ಯೇ ಅದರ ದೊಡ್ಡ ಬಲವೆಂದು ನನ್ನ ಅಭಿಪ್ರಾಯ.

ತಮ್ಮ ಅತ್ತೆಯವರ ವಿಷಯ: ಸಕ್ಕರೆ ಕಾಯಿಲೆಯವರು ಟೊಮೆಟೊಗೆ ಹೆದರಬೇಕಾಗಿಲ್ಲ. ರಕ್ತದೊತ್ತಡಕ್ಕೂ ಇದು ಸಾಮಾನ್ಯವಾಗಿ ಒಳ್ಳೆಯದೇ. ಪೊಟ್ಯಾಸಿಯಂ ಹೆಚ್ಚಾಗಿ ಸೋಡಿಯಂ ಕಡಿಮೆಯಾಗಿರುವ ತರಕಾರಿ ಇದು. ಸ್ಪೇನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಗಮನಿಸಿದ ಪ್ರೆಡಿಮೆಡ್ ಅಧ್ಯಯನದ ಮಾಹಿತಿಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 110 ಗ್ರಾಂಗಿಂತ ಹೆಚ್ಚು ಟೊಮೆಟೊ ತಿನ್ನುವವರಲ್ಲಿ, 44 ಗ್ರಾಂಗಿಂತ ಕಡಿಮೆ ತಿನ್ನುವವರಿಗಿಂತ ಹೊಸದಾಗಿ ರಕ್ತದೊತ್ತಡ ಕಾಣಿಸಿಕೊಳ್ಳುವ ಸಂಭವ 36 ಪ್ರತಿಶತ ಕಡಿಮೆಯಿತ್ತು. ಆದರೆ ಇದು ಜನ ತಿಂದುದನ್ನು ಗಮನಿಸಿ ಬರೆದುಕೊಂಡ ಅಧ್ಯಯನವೇ ಹೊರತು, ಟೊಮೆಟೊ ತಿನ್ನಿಸಿ ರಕ್ತದೊತ್ತಡ ಇಳಿಸಿದ ಪ್ರಯೋಗವಲ್ಲ. ಅತ್ತೆಯವರು ತಮ್ಮ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಸಾರಿನ ಸೌಟು

ಹಸಿಯೋ ಬೇಯಿಸಿದ್ದೋ ಎಂಬ ಪ್ರಶ್ನೆಗೂ ಉತ್ತರ ಬೇಕಿತ್ತು. ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಎಂದು ಈಚೆಗೆ ಬಹಳ ಜನ ಹೇಳುತ್ತಾರೆ. ಹಾಗಾದರೆ ನಮ್ಮ ತಿಳಿಸಾರಿನಲ್ಲಿ ಉಳಿಯುವುದು ರುಚಿ ಮಾತ್ರವೇ?

ಪಥ್ಯ ಮತ್ತು ಪೋಷಣೆ

ಖಂಡಿತ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಟೊಮೆಟೊವನ್ನು 88 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 2, 15 ಮತ್ತು 30 ನಿಮಿಷ ಬಿಸಿ ಮಾಡಿ ಅಳೆದು ನೋಡಿದರು. 30 ನಿಮಿಷದ ಹೊತ್ತಿಗೆ ಸಿ ವಿಟಮಿನ್ ಸುಮಾರು 29 ಪ್ರತಿಶತ ಕಡಿಮೆಯಾಗಿತ್ತು. ಆದರೆ ಅಳತೆಗೆ ಸಿಗುವ ಲೈಕೋಪೀನ್ 2 ನಿಮಿಷದಲ್ಲಿ 54 ಪ್ರತಿಶತ, 15 ನಿಮಿಷದಲ್ಲಿ 171 ಪ್ರತಿಶತ ಹೆಚ್ಚಾಗಿತ್ತು. ಬೆಂಕಿಯು ಲೈಕೋಪೀನನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಹಸಿ ಹಣ್ಣಿನಲ್ಲಿ ಅದು ಜೀವಕೋಶಗಳ ಗಟ್ಟಿ ಗೋಡೆಯೊಳಗೆ ಹರಳಿನ ರೂಪದಲ್ಲಿ ಸೆರೆಯಾಗಿರುತ್ತದೆ. ಶಾಖಕ್ಕೆ ಗೋಡೆ ಒಡೆದು ಅದು ಹೊರಬರುತ್ತದೆ, ಜೊತೆಗೆ ಅದರ ಅಣುವಿನ ಆಕಾರವೂ ಕರುಳು ಸುಲಭವಾಗಿ ಹೀರಿಕೊಳ್ಳುವಂತೆ ಸ್ವಲ್ಪ ಬಾಗುತ್ತದೆ.

ಲೈಕೋಪೀನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಮಾತ್ರ ಕರಗುತ್ತದೆ. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ 2004ರ ಪ್ರಯೋಗದಲ್ಲಿ ಟೊಮೆಟೊ, ಗಜ್ಜರಿ, ಸೊಪ್ಪು ಇದ್ದ ಹಸಿ ತರಕಾರಿಯನ್ನು ಜಿಡ್ಡೇ ಇಲ್ಲದ ಕಲಸುರಸದೊಂದಿಗೆ (ಸಲಾಡ್ ಡ್ರೆಸಿಂಗ್) ತಿಂದವರ ರಕ್ತದಲ್ಲಿ ಈ ಬಗೆಯ ವರ್ಣದ್ರವ್ಯಗಳು ಕಾಣಿಸಿಕೊಳ್ಳಲೇ ಇಲ್ಲವೆನ್ನುವಷ್ಟು ಕಡಿಮೆಯಿದ್ದವು; ಎಣ್ಣೆಯ ರಸದೊಂದಿಗೆ ತಿಂದವರಲ್ಲಿ ಚೆನ್ನಾಗಿಯೇ ಏರಿದವು. ಸಾರಿಗೆ ಹಾಕುವ ಒಂದು ಚಮಚ ತುಪ್ಪದ ಒಗ್ಗರಣೆ, ಗೊಜ್ಜಿನ ಎಣ್ಣೆ, ಕೋಸಂಬರಿಯ ಮೇಲೆ ಉದುರಿಸುವ ತೆಂಗಿನ ತುರಿ ಎಲ್ಲವೂ ಈ ಕೆಲಸವನ್ನೇ ಮಾಡುತ್ತವೆ. ತೂಕ ಇಳಿಸಲೆಂದು ಒಗ್ಗರಣೆಯನ್ನೇ ಬಿಟ್ಟವರು ಇದನ್ನು ಗಮನಿಸಬೇಕು. ಹಾಗೆಂದು ಎಣ್ಣೆ ತೇಲಬೇಕಾಗಿಲ್ಲ, ಒಂದು ಚಮಚ ಸಾಕು.

ಹೀಗಾಗಿ ಸಿ ವಿಟಮಿನ್ ಬೇಕಾದರೆ ಹಸಿ, ಲೈಕೋಪೀನ್ ಬೇಕಾದರೆ ಬೇಯಿಸಿದ್ದು. ಮನೆಯಲ್ಲಿ ಎರಡೂ ನಡೆಯಲಿ. ತಿಳಿಸಾರಿಗೆ ಟೊಮೆಟೊವನ್ನು ಕಿವುಚಿ ಸಿಪ್ಪೆಯನ್ನು ಎಸೆಯುವವರು ಹಾಗೆ ಮಾಡದಿರುವುದು ಒಳ್ಳೆಯದು, ಏಕೆಂದರೆ ತಿರುಳಿಗಿಂತ ಸಿಪ್ಪೆಯಲ್ಲಿಯೇ ಲೈಕೋಪೀನ್ ಕೆಲವು ಪಟ್ಟು ಹೆಚ್ಚಿರುತ್ತದೆ. ರುಬ್ಬಿ ಹಾಕಿದರೆ ಸಿಪ್ಪೆ ನಾಲಿಗೆಗೆ ಸಿಗುವುದೂ ಇಲ್ಲ.

ಕೋಲಾರದ ತೋಟ

ಬೆಳೆಗಾರನಾಗಿ ಒಂದು ವಿಷಯ ಸೇರಿಸುತ್ತೇನೆ. ಎಲ್ಲ ಟೊಮೆಟೊದಲ್ಲಿಯೂ ಒಂದೇ ಸತ್ವ ಇರುವುದಿಲ್ಲ. ಬಿಸಿಲು ಹೆಚ್ಚಾಗಿ ಉಷ್ಣಾಂಶ 32 ಡಿಗ್ರಿ ದಾಟಿದರೆ ಹಣ್ಣಿನಲ್ಲಿ ಲೈಕೋಪೀನ್ ಕಟ್ಟುವುದು ಕುಂಠಿತವಾಗುತ್ತದೆ. ಹಳದಿ ವರ್ಣದ್ರವ್ಯ ಮಾತ್ರ ಬೆಳೆಯುತ್ತಾ ಹೋಗುವುದರಿಂದ ಕಡುಬೇಸಿಗೆಯ ಹಣ್ಣು ಕೆಂಪಾಗದೆ ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ. ಕೊಳ್ಳುವವರು ಇದನ್ನು ಔಷಧ ಹಾಕಿ ಹಣ್ಣು ಮಾಡಿದ್ದು ಎಂದು ಅನುಮಾನಿಸುತ್ತಾರೆ, ಅದು ಸೆಕೆಯ ಪರಿಣಾಮ. 20ರಿಂದ 25 ಡಿಗ್ರಿಯ ಹವೆಯಲ್ಲಿ ಹಣ್ಣಾದದ್ದೇ ಚೆನ್ನಾಗಿ ಕೆಂಪೇರುತ್ತದೆ.

ಕೋಲಾರದ ಮಾರುಕಟ್ಟೆಯಿಂದ 15 ಕಿಲೋ ಬಾಕ್ಸುಗಳಲ್ಲಿ ದೂರದ ಊರುಗಳಿಗೆ ಹೋಗುವ ಮಾಲನ್ನು ನಾವು ದೋರೆಗಾಯಿ ಇರುವಾಗಲೇ ಕೀಳುತ್ತೇವೆ, ಇಲ್ಲದಿದ್ದರೆ ದಾರಿಯಲ್ಲಿ ಒಡೆದುಹೋಗುತ್ತದೆ. ಅಂಥದ್ದನ್ನು ತಂದವರು ಕೂಡಲೇ ಫ್ರಿಜ್ಜಿಗೆ ಇಡಬೇಡಿ. 12 ಡಿಗ್ರಿಗಿಂತ ಕಡಿಮೆ ತಣ್ಣಗಿನಲ್ಲಿ ಮಾಗುವುದು ನಿಲ್ಲುತ್ತದೆ, ಬಣ್ಣವೂ ಕಟ್ಟುವುದಿಲ್ಲ, ವಾಸನೆಯೂ ಸಾಯುತ್ತದೆ. ಬುಟ್ಟಿಯಲ್ಲಿ, ನೆರಳಿನಲ್ಲಿ, ಒಂದರ ಮೇಲೊಂದು ಒತ್ತದಂತೆ ಹರಡಿ ಇಟ್ಟು, ಪೂರ್ತಿ ಕೆಂಪಾದ ಮೇಲೆ ಬಳಸಿ. ಮಿಕ್ಕಿದ್ದನ್ನು ಆಗ ಫ್ರಿಜ್ಜಿಗೆ ಇಡಬಹುದು.

ಔಷಧ ಸಿಂಪಡಣೆಯ ಬಗ್ಗೆ ಮುಚ್ಚಿಡುವುದಿಲ್ಲ. ನಾವು ಊಜಿ ಎಂದು ಕರೆಯುವ ಟ್ಯೂಟಾ ಕೀಟ 2014ರ ಸುಮಾರಿಗೆ ದೇಶಕ್ಕೆ ಬಂದಂದಿನಿಂದ ಸಿಂಪಡಣೆ ಹೆಚ್ಚಾಗಿದೆ. ಸಿಂಪಡಿಸಿದ ಮೇಲೆ ಔಷಧದ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯದೆ ಕೊಯ್ಯಬಾರದೆಂಬ ನಿಯಮವನ್ನು ಎಲ್ಲ ರೈತರೂ ಪಾಲಿಸಲೇಬೇಕು. ಬೆಲೆ ಏರಿದ ವಾರದಲ್ಲಿ ಇದನ್ನು ಮರೆಯುವವರು ಇದ್ದಾರೆ, ಅದು ತಿನ್ನುವವರಿಗೆ ಮಾಡುವ ಅನ್ಯಾಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆ ಮುರುಟು ರೋಗ, ದುಂಡಾಣು ಸೊರಗು ರೋಗ ಮತ್ತು ಅಂಗಮಾರಿ ರೋಗಗಳನ್ನು ತಡೆಯುವ ಶಕ್ತಿಯಿದೆ. ಇಂಥ ತಳಿ ಬೆಳೆದರೆ ರೋಗಗಳಿಗಾಗಿ ಹೊಡೆಯುವ ಔಷಧವಾದರೂ ಕಡಿಮೆಯಾಗುತ್ತದೆ. ಮನೆಯಲ್ಲಿ ಹರಿಯುವ ನೀರಿನಡಿ ಕೈಯಿಂದ ಉಜ್ಜಿ ತೊಳೆದು, ತೊಟ್ಟಿನ ಭಾಗವನ್ನು ಕತ್ತರಿಸಿ ತೆಗೆಯಿರಿ.

ಹುಬ್ಬಳ್ಳಿಯ ಓದುಗ

ಕ್ಯಾನ್ಸರಿನ ಮಾತಿಗೆ ಯಾರೂ ಉತ್ತರಿಸಿಲ್ಲ. ಹಾರ್ವರ್ಡಿನ ಸಂಶೋಧನೆ ಎಂದೇ ಸಂದೇಶದಲ್ಲಿ ಬರೆದಿರುತ್ತದೆ. ಅದು ಸುಳ್ಳೇ?

ಪಥ್ಯ ಮತ್ತು ಪೋಷಣೆ

ಸುಳ್ಳಲ್ಲ, ಆದರೆ ಅರ್ಧ ಹೇಳಿದ ಮಾತು. 1995ರಲ್ಲಿ ಹಾರ್ವರ್ಡಿನ ಸಂಶೋಧಕರು ಸುಮಾರು 48 ಸಾವಿರ ಪುರುಷ ಆರೋಗ್ಯ ವೃತ್ತಿಪರರ ಆಹಾರವನ್ನು ಗಮನಿಸಿ, ವಾರಕ್ಕೆ ಹತ್ತಕ್ಕಿಂತ ಹೆಚ್ಚು ಬಾರಿ ಟೊಮೆಟೊ ಪದಾರ್ಥ ತಿನ್ನುವವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ 35 ಪ್ರತಿಶತ ಕಡಿಮೆಯೆಂದು ವರದಿ ಮಾಡಿದರು. ಜಗತ್ತಿನಾದ್ಯಂತ ಸುದ್ದಿಯಾದದ್ದು ಅದೇ. ಅದರ ನಂತರ ಬಂದ ಅಧ್ಯಯನಗಳು ಒಂದೇ ಮಾತನ್ನು ಹೇಳಲಿಲ್ಲ. 2005ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಎಲ್ಲ ಪುರಾವೆಗಳನ್ನೂ ಪರಿಶೀಲಿಸಿ, ಈ ಸಂಬಂಧವನ್ನು ಹೇಳುವ ಪುರಾವೆ ಬಹಳ ಸೀಮಿತವಾದದ್ದು, ಇನ್ನೂ ಪ್ರಾಥಮಿಕ ಹಂತದ್ದು ಎಂದು ತೀರ್ಮಾನಿಸಿತು. 2007ರಲ್ಲಿ ರಕ್ತದ ಲೈಕೋಪೀನ್ ಪ್ರಮಾಣವನ್ನೇ ಅಳೆದು ನೋಡಿದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಯಾವ ಸಂಬಂಧವೂ ಕಾಣಲಿಲ್ಲ.

ಈ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ: ಮೂತ್ರಕ್ಕೆ ತೊಂದರೆಯಾದ ಹಿರಿಯರು ವೈದ್ಯರ ಬಳಿಗೆ ಹೋಗದೆ ಟೊಮೆಟೊ ರಸ ಕುಡಿಯುತ್ತಾ ಕಾಯುವಂತೆ ಮಾಡುವ ಸಂದೇಶವನ್ನು ಯಾರೂ ಮುಂದಕ್ಕೆ ಕಳುಹಿಸಬಾರದು. ಲೈಕೋಪೀನ್ ಮಾತ್ರೆಗಳಿಗೆ ಹಣ ಹಾಕುವ ಬದಲು ಅದೇ ಹಣದಲ್ಲಿ ತರಕಾರಿ ಕೊಳ್ಳುವುದು ಲೇಸು.

ಮಲೆನಾಡಿನ ಗೃಹಿಣಿ

ಬಹಳ ಸ್ಪಷ್ಟವಾಯಿತು, ಧನ್ಯವಾದಗಳು. ಮಾವನವರ ಕಲ್ಲಿನ ವಿಷಯವನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ಅವರಿಗಾಗಿ ಈಗ ಬೀಜವನ್ನೆಲ್ಲ ತೆಗೆದು ಬೇರೆಯಾಗಿ ಅಡುಗೆ ಮಾಡುತ್ತಿದ್ದೇನೆ.

ಪಥ್ಯ ಮತ್ತು ಪೋಷಣೆ

ಬೀಜ ತೆಗೆಯುವ ಶ್ರಮವನ್ನು ತಾವು ಬಿಡಬಹುದು. ನುಂಗಿದ ಬೀಜ ಕರುಳಿನ ದಾರಿಯಲ್ಲಿ ಹೊರಗೆ ಹೋಗುತ್ತದೆ, ಅದು ಮೂತ್ರಪಿಂಡಕ್ಕೆ ಸೇರುವ ದಾರಿಯೇ ಇಲ್ಲ. ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನಿಂದ ಆದವು. ಪಾಲಕ್ ಸೊಪ್ಪಿನ 100 ಗ್ರಾಂನಲ್ಲಿ ಆಕ್ಸಲೇಟ್ ನೂರಾರು ಮಿಲಿಗ್ರಾಂ ಇದ್ದರೆ, ಟೊಮೆಟೊದಲ್ಲಿ ಇರುವುದು ಕೆಲವೇ ಮಿಲಿಗ್ರಾಂ. ಅವರು ಎಚ್ಚರ ವಹಿಸಬೇಕಾದದ್ದು ನೀರು ಕಡಿಮೆ ಕುಡಿಯುವುದರ ಬಗ್ಗೆ, ಉಪ್ಪು ಹೆಚ್ಚು ತಿನ್ನುವುದರ ಬಗ್ಗೆ. ಹಾಲು, ಮಜ್ಜಿಗೆಯನ್ನು ಬಿಡುವುದೂ ತಪ್ಪು, ಏಕೆಂದರೆ ಊಟದೊಂದಿಗೆ ಬಂದ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದು ಹೊರಹಾಕುತ್ತದೆ. ತೆಗೆದ ಕಲ್ಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದರೆ ಆ ವರದಿಯಂತೆ ವೈದ್ಯರು ಹೇಳಿದ ಪಥ್ಯವೇ ಅಂತಿಮ.

ಬೀಜದ ಸುತ್ತಲಿನ ಲೋಳೆಯಲ್ಲಿ ಹುಳಿಯೂ ಇದೆ, ತಿರುಳಿಗಿಂತ ಹೆಚ್ಚಿನ ಗ್ಲುಟಮೇಟ್ ಕೂಡ ಇದೆ. ಅಡುಗೆಗೆ ತುಂಬು ರುಚಿ ಕೊಡುವುದು ಈ ಅಂಶವೇ ಆದ್ದರಿಂದ, ಅದನ್ನು ಉಳಿಸಿಕೊಂಡರೆ ಉಪ್ಪನ್ನು ಸ್ವಲ್ಪ ಕಡಿಮೆ ಮಾಡಿದರೂ ಸಾರು ಸಪ್ಪೆ ಎನ್ನಿಸುವುದಿಲ್ಲ. ರಕ್ತದೊತ್ತಡ ಇರುವ ಅತ್ತೆಯವರಿಗೂ ಇದು ಅನುಕೂಲ.

ಡಯಾಲಿಸಿಸ್ ವಿಭಾಗದ ಶುಶ್ರೂಷಕ

ಕಲ್ಲು ಬೇರೆ, ಮೂತ್ರಪಿಂಡದ ವೈಫಲ್ಯ ಬೇರೆ. ಈ ಎರಡನ್ನೂ ‘ಕಿಡ್ನಿ ತೊಂದರೆ’ ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದ ಅಪಾಯವಾಗುತ್ತದೆ. ಮೂತ್ರಪಿಂಡಗಳು ಸರಿಯಾಗಿ ಕೆಲಸ ಮಾಡದವರಲ್ಲಿ ಪೊಟ್ಯಾಸಿಯಂ ದೇಹದಿಂದ ಹೊರಹೋಗದೆ ರಕ್ತದಲ್ಲಿ ಸೇರುತ್ತದೆ, ಅದು ಮಿತಿಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಮೇಲೆ ಹೇಳಿದ, ರಕ್ತದೊತ್ತಡಕ್ಕೆ ಒಳ್ಳೆಯದಾದ ಅದೇ ಪೊಟ್ಯಾಸಿಯಂ ಇವರಿಗೆ ಕಂಟಕ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆಯಾದ್ದರಿಂದ, ಎರಡೂ ಇರುವವರು ತಮ್ಮ ರಕ್ತಪರೀಕ್ಷೆಯ ವರದಿಯನ್ನು ವೈದ್ಯರಿಗೆ ತೋರಿಸಿ ಎಷ್ಟು ಟೊಮೆಟೊ ತಿನ್ನಬಹುದೆಂದು ಕೇಳಿಕೊಳ್ಳಬೇಕು.

ನಮ್ಮ ರೋಗಿಗಳಿಗೆ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಎಂದು ಹೇಳುತ್ತೇವೆ. ಪೊಟ್ಯಾಸಿಯಂನ ಬಹುಪಾಲು ನೀರಿಗೆ ಇಳಿದುಹೋಗುತ್ತದೆ. ಆದರೆ ನಮ್ಮ ಬಸ್ಸಾರು, ಉಪ್ಸಾರು, ತಿಳಿಸಾರುಗಳಲ್ಲಿ ನಾವು ಉಣ್ಣುವುದು ಆ ನೀರನ್ನೇ. ಸೊಪ್ಪು ಕಾಳು ಬಸಿದ ಕಟ್ಟಿಗೆ ಟೊಮೆಟೊ ರುಬ್ಬಿ ಹಾಕಿದ ಸಾರು ಆರೋಗ್ಯವಂತರಿಗೆ ಅಮೃತ, ಡಯಾಲಿಸಿಸಿನಲ್ಲಿರುವವರಿಗೆ ಪೊಟ್ಯಾಸಿಯಂನ ದ್ರಾವಣ. ಪಲ್ಯ ತಿನ್ನಲಿ, ಕಟ್ಟನ್ನು ಬಿಡಲಿ. ಅಂಗಡಿಯ ಗಟ್ಟಿ ಟೊಮೆಟೊ ಪೇಸ್ಟಿನ 100 ಗ್ರಾಂನಲ್ಲಿ ಸುಮಾರು 1000 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಅದಂತೂ ಬೇಡವೇ ಬೇಡ.

ಧಾರವಾಡದ ಅಡುಗೆಮನೆ

ಹುಳಿತೇಗು, ಎದೆಯುರಿ ಇರುವವರೂ ರಾತ್ರಿ ಮಲಗುವ ಮುನ್ನ ಹುಳಿಯಾದ ಟೊಮೆಟೊ ಪದಾರ್ಥ ಕಡಿಮೆ ಮಾಡಿದರೆ ನೆಮ್ಮದಿ. ಮಧ್ಯಾಹ್ನ ತಿಂದರೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ನಮ್ಮ ಕಡೆ ಟೊಮೆಟೊ ಕಾಯಿಯನ್ನು ಹಸಿಮೆಣಸಿನಕಾಯಿಯೊಂದಿಗೆ ಹುರಿದು, ಶೇಂಗಾ ಅಥವಾ ಗುರೆಳ್ಳು ಸೇರಿಸಿ ಕುಟ್ಟಿ ಚಟ್ನಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ. ಕಾಯಿಯಲ್ಲಿ ಲೈಕೋಪೀನ್ ಇರುವುದಿಲ್ಲವಾದ್ದರಿಂದ ಅದಕ್ಕೆ ಬೆಲೆಯೇ ಇಲ್ಲವೇ?

ಪಥ್ಯ ಮತ್ತು ಪೋಷಣೆ

ಬೆಲೆ ಇದೆ. ಕಾಯಿಯಲ್ಲಿಯೂ ಸಿ ವಿಟಮಿನ್ ಇದೆ, ಶೇಂಗಾ ಗುರೆಳ್ಳುಗಳಿಂದ ಒಳ್ಳೆಯ ಜಿಡ್ಡೂ ಪ್ರೋಟೀನೂ ಸೇರುತ್ತವೆ. ತಾವು ಯಾವ ಪಾತ್ರೆಯಲ್ಲಿ ಹುರಿಯುತ್ತೀರಿ ಎಂಬುದನ್ನೂ ಕೇಳಬೇಕೆನಿಸಿತು, ಏಕೆಂದರೆ ಅದು ಮಲೆನಾಡಿನ ಗೃಹಿಣಿಯವರ ಮಗಳ ರಕ್ತಹೀನತೆಗೆ ಸಂಬಂಧಿಸಿದ ವಿಷಯ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಾಗಿ, ಹುರುಳಿ, ಸೊಪ್ಪು ತಿನ್ನುವ ನಾಡಿನಲ್ಲಿ ಹೀಗೇಕೆ? ಕಾರಣಗಳು ಹಲವು, ಅವುಗಳಲ್ಲಿ ಒಂದು ಇದು: ಸಸ್ಯಾಹಾರದ ಕಬ್ಬಿಣವು ಕರುಳಿಗೆ ಸುಲಭವಾಗಿ ಸಿಗುವ ರೂಪದಲ್ಲಿ ಇರುವುದಿಲ್ಲ. ಧಾನ್ಯ ಕಾಳುಗಳಲ್ಲಿರುವ ಫೈಟೇಟ್, ರಾಗಿಯ ಮತ್ತು ಚಹಾದ ಟ್ಯಾನಿನ್ ಅದನ್ನು ಕಟ್ಟಿಹಾಕುತ್ತವೆ. ಸಿ ವಿಟಮಿನ್ ಈ ಕಬ್ಬಿಣವನ್ನು ಹೀರಿಕೊಳ್ಳಲು ತಕ್ಕ ರೂಪಕ್ಕೆ ತಂದು, ಕರಗಿದ ಸ್ಥಿತಿಯಲ್ಲಿ ಉಳಿಸುತ್ತದೆ. ಆದರೆ ಅದು ಅದೇ ಊಟದಲ್ಲಿ ಇರಬೇಕು. ಬೆಳಿಗ್ಗೆ ಕಿತ್ತಳೆ ತಿಂದು ರಾತ್ರಿ ಮುದ್ದೆ ಉಂಡರೆ ಆ ಮುದ್ದೆಯ ಕಬ್ಬಿಣಕ್ಕೆ ಸಹಾಯವಾಗದು. ಮುದ್ದೆ ಮತ್ತು ಹುರುಳಿ ಸಾರಿನ ಪಕ್ಕದಲ್ಲಿ ಹಸಿ ಟೊಮೆಟೊ ಹೆಚ್ಚಿ ನಿಂಬೆರಸ ಹಿಂಡಿದ ಹೆಸರುಬೇಳೆ ಕೋಸಂಬರಿ ಇದ್ದರೆ, ಎರಡು ಟೊಮೆಟೊ ಮತ್ತು ಅರ್ಧ ನಿಂಬೆಯಿಂದ ಬರುವ ಸಿ ವಿಟಮಿನ್ ಆ ಕೆಲಸಕ್ಕೆ ಸಾಕಾಗುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿಸಿದರೆ ಫೈಟೇಟೂ ಕಡಿಮೆಯಾಗುತ್ತದೆ.

ಇನ್ನು ಪಾತ್ರೆ. ಟೊಮೆಟೊ ಹುಳಿ ಪದಾರ್ಥ, ಕಬ್ಬಿಣದ ಬಾಣಲೆಯಲ್ಲಿ ಬೇಯುವಾಗ ಪಾತ್ರೆಯ ಕಬ್ಬಿಣ ಸ್ವಲ್ಪ ಸ್ವಲ್ಪವಾಗಿ ಅಡುಗೆಗೆ ಇಳಿಯುತ್ತದೆ. 1986ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 100 ಗ್ರಾಂ ಟೊಮೆಟೊ ಸಾಸಿನಲ್ಲಿ 1 ಮಿಲಿಗ್ರಾಂಗಿಂತ ಕಡಿಮೆಯಿದ್ದ ಕಬ್ಬಿಣವು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದ ಮೇಲೆ 5 ಮಿಲಿಗ್ರಾಂ ದಾಟಿತ್ತು. ನಮ್ಮ ಗೊಜ್ಜು ಇದೇ ಜಾತಿಯ ಅಡುಗೆ. ಬಾಣಲೆಯಲ್ಲಿ ಗೊಜ್ಜು ಬೇಯಿಸಿ ಕೂಡಲೇ ಬೇರೆ ಪಾತ್ರೆಗೆ ತೆಗೆಯಬೇಕು. ಅದರಲ್ಲಿಯೇ ರಾತ್ರಿಯಿಡೀ ಬಿಟ್ಟರೆ ಕಪ್ಪಾಗಿ ರುಚಿ ಕೆಡುತ್ತದೆ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಮಾತ್ರ ಟೊಮೆಟೊ ಬೇಯಿಸಲೇಬಾರದು, ಅವುಗಳಿಂದ ಇಳಿಯುವ ತಾಮ್ರ ವಿಷವಾಗುತ್ತದೆ.

ಇಷ್ಟೆಲ್ಲ ಮಾಡಿ ಊಟದ ಮೇಲೆ ಕಾಫಿ ಕುಡಿದರೆ ಶ್ರಮ ವ್ಯರ್ಥ. 1983ರ ಒಂದು ಪ್ರಯೋಗದಲ್ಲಿ ಊಟದೊಂದಿಗೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು 39 ಪ್ರತಿಶತ, ಚಹಾ 64 ಪ್ರತಿಶತ ಕಡಿಮೆ ಮಾಡಿದವು. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದ ಕಾಫಿಯೂ ಅಷ್ಟೇ ಅಡ್ಡಿ ಮಾಡಿತು, ಊಟಕ್ಕೆ ಒಂದು ಗಂಟೆ ಮೊದಲು ಕುಡಿದದ್ದು ಮಾಡಲಿಲ್ಲ. ಮಗಳಿಗೆ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ತಪ್ಪದೆ ಮುಂದುವರಿಸಿ. ಮೇಲಿನದೆಲ್ಲ ಮಾತ್ರೆಗೆ ಜೊತೆ, ಬದಲಿಯಲ್ಲ.

ಧಾರವಾಡದ ಅಡುಗೆಮನೆ

ನಾವು ಹುರಿಯುವುದು ಕಬ್ಬಿಣದ ಹಂಚಿನ ಮೇಲೆಯೇ. ತಿಳಿಸಿದ್ದಕ್ಕೆ ಬಹಳ ಸಂತೋಷ.

ಸಾರಿನ ಸೌಟು

ಎರಡು ಸಣ್ಣ ಪ್ರಶ್ನೆ. ಮಕ್ಕಳು ಚಪಾತಿ, ದೋಸೆಗೆ ಬಾಟಲಿಯ ಕೆಚಪ್ ಸುರಿದುಕೊಳ್ಳುತ್ತಾರೆ, ಅದರಲ್ಲಿಯೂ ಬೇಯಿಸಿದ ಟೊಮೆಟೊ ತಾನೇ ಇರುವುದು? ಮತ್ತೆ, 2023ರ ಜುಲೈನಲ್ಲಿ ಆದಂತೆ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ ಬಡವರು ಏನು ಮಾಡಬೇಕು?

ಪಥ್ಯ ಮತ್ತು ಪೋಷಣೆ

ಕೆಚಪ್ಪಿನಲ್ಲಿ ಲೈಕೋಪೀನ್ ಇದೆ, ಅದರ ಜೊತೆಗೆ 100 ಗ್ರಾಂಗೆ ಸುಮಾರು 20 ಗ್ರಾಂ ಸಕ್ಕರೆಯೂ ಬೇಕಾದಷ್ಟು ಉಪ್ಪೂ ಇವೆ. ಮಕ್ಕಳಿಗೆ ಅದು ದಿನದ ಪದಾರ್ಥವಾಗಬಾರದು. ಅದೇ ದೋಸೆಗೆ ಟೊಮೆಟೊ ಈರುಳ್ಳಿ ಚಟ್ನಿ ಮಾಡಿಕೊಡಿ.

ಬೆಲೆ ಏರಿದಾಗ ಟೊಮೆಟೊ ಇಲ್ಲದೆಯೂ ನಡೆಯುತ್ತದೆ. ಲೈಕೋಪೀನ್ ಕಲ್ಲಂಗಡಿಯಲ್ಲಿದೆ, ಕೆಂಪು ತಿರುಳಿನ ಸೀಬೆ ಮತ್ತು ಪಪ್ಪಾಯಿಯಲ್ಲಿದೆ. ಸಿ ವಿಟಮಿನ್ನಿಗೆ ನಿಂಬೆ, ನೆಲ್ಲಿಕಾಯಿ, ಸೀಬೆ ಇವೆ. ಹುಣಸೆಹಣ್ಣಿನಲ್ಲಿ ಸಿ ವಿಟಮಿನ್ ಅತ್ಯಲ್ಪ, ಹುಳಿಗೆ ಮಾತ್ರ ಅದು ಬದಲಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯು ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು ತಿನ್ನಬೇಕೆಂದು ಹೇಳುತ್ತದೆ. ಅದರಲ್ಲಿ ಟೊಮೆಟೊ ಒಂದು ಪಾಲು ಮಾತ್ರ.

ಕೋಲಾರದ ತೋಟ

ಬೆಲೆ ಬಿದ್ದ ತಿಂಗಳುಗಳಲ್ಲಿ ರೈತರು ಹಣ್ಣನ್ನು ರಸ್ತೆಗೆ ಸುರಿಯುವುದನ್ನೂ ತಾವು ನೋಡಿರುತ್ತೀರಿ. ಆಗ ನಾಲ್ಕೈದು ಕಿಲೋ ಹೆಚ್ಚಾಗಿ ಕೊಂಡು, ತೊಳೆದು ಒರೆಸಿ ಸಿಪ್ಪೆ ಸಮೇತ ರುಬ್ಬಿ, ಸ್ವಲ್ಪ ಎಣ್ಣೆಯಲ್ಲಿ ಗಟ್ಟಿಯಾಗುವವರೆಗೆ ಬಾಡಿಸಿ ಫ್ರೀಜರಿನಲ್ಲಿ ಇಟ್ಟುಕೊಳ್ಳಿ.

ಡಯಾಲಿಸಿಸ್ ವಿಭಾಗದ ಶುಶ್ರೂಷಕ

ಹುಣಸೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಟೊಮೆಟೊ ಬಿಡಿ ಎಂದಾಗ ನಮ್ಮ ರೋಗಿಗಳ ಮನೆಯವರು ಅದರ ಬದಲಿಗೆ ಹುಣಸೆ ಹಾಕುತ್ತಾರೆ. ಹುಣಸೆಯಲ್ಲಿ ತೂಕಕ್ಕೆ ತೂಕ ಪೊಟ್ಯಾಸಿಯಂ ಟೊಮೆಟೊಗಿಂತಲೂ ಹೆಚ್ಚು, 100 ಗ್ರಾಂ ತಿರುಳಿಗೆ 600 ಮಿಲಿಗ್ರಾಂ ಮೀರುತ್ತದೆ. ಬಳಸುವ ಪ್ರಮಾಣ ಚಿಕ್ಕದೆಂಬುದು ನಿಜ, ಆದರೂ ಗೊಜ್ಜಿನಂತಹ ಗಟ್ಟಿ ಹುಳಿಯನ್ನು ಅವರಿಗೆ ಬಡಿಸಬಾರದು. ಬೇಳೆ ಬೇಯಿಸಿದ ನೀರನ್ನು ಬಸಿದು ಚೆಲ್ಲಿ, ಬೇಳೆಗೆ ಬೇರೆ ನೀರು ಸೇರಿಸಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಕೆಲವು ಹನಿ ನಿಂಬೆರಸ ಹಿಂಡಿದರೆ ಅವರಿಗೂ ಹುಳಿಯಾದ ಸಾರು ಸಿಗುತ್ತದೆ. ದಿನಕ್ಕೆ ಎಷ್ಟು ನೀರು ಎಂದು ವೈದ್ಯರು ಹೇಳಿದ ಲೆಕ್ಕದಲ್ಲಿ ಆ ಸಾರನ್ನೂ ಸೇರಿಸಿಕೊಳ್ಳಬೇಕು.